ಪರೋಕ್ಷವಿನಯದ ನೀರು

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳಲ್ಲಿ, ಗತಿಸಿದ ತಮ್ಮ ಹಿರಿಯರ ಹೆಸರಿನಲ್ಲಿ ಏನನ್ನಾದರೂ ಕಟ್ಟಿಸಬೇಕೆಂದು ಸಂಕಲ್ಪ ಮಾಡಿರುವ ಎಲ್ಲ ಮನೆತನದವರಿಗೆ,



ನಾಲ್ವತ್ತು ವರುಷ ಈ ಸೀಮೆಯ ಮಕ್ಕಳಿಗೆ ಕನ್ನಡ ಕಲಿಸಿದವನೆಂಬ ಒಂದೇ ಕಾರಣದಿಂದ, ಯಾರಾದರೂ ತಮ್ಮ ತಂದೆಯ ಹೆಸರಿನಲ್ಲಿ ಮಹಾದ್ವಾರವನ್ನೋ ತಾಯಿಯ ಹೆಸರಿನಲ್ಲಿ ಬಸ್ಸು ನಿಲ್ಲುವಲ್ಲಿ ನೆರಳಿನ ಮನೆಯನ್ನೋ ಕಟ್ಟಿಸಿದಾಗ, ಅದರ ಕಲ್ಲಿನ ಮೇಲೆ ಕೊರೆಯಿಸಲು ನಾಲ್ಕು ಸಾಲು ಬರೆದುಕೊಡಬೇಕೆಂದು ನನ್ನ ಬಾಗಿಲಿಗೆ ಬರುವ ರೂಢಿ ನಿಮ್ಮಲ್ಲಿ ಬೆಳೆದುಬಂದಿದೆ. ನಾನೂ ಪ್ರೀತಿಯಿಂದಲೇ ಬರೆದುಕೊಟ್ಟಿದ್ದೇನೆ. ಕಳೆದ ಚೈತ್ರದಲ್ಲಿ ಹಾಗೆಯೇ ಬಂದ ಅಣ್ಣತಮ್ಮಂದಿರಿಬ್ಬರು, ತಮ್ಮ ತಾಯಿಯ ಹೆಸರಿನಲ್ಲಿ ಪೇಟೆಯೊಳಗೊಂದು ಕುಡಿಯುವ ನೀರಿನ ಕಟ್ಟೆಯನ್ನು ಕಟ್ಟಿಸುತ್ತಿರುವದಾಗಿಯೂ, ಹಾಲುಗಲ್ಲಿನ ಫಲಕಕ್ಕೆ ಒಪ್ಪುವ ವಾಕ್ಯ ಬೇಕಾಗಿರುವದಾಗಿಯೂ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಆ ಸಂತೋಷದ ಬೆನ್ನಿಗೇ ನಾನು ಕೇಳಿದ ಒಂದು ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ: ದಿನಾ ಮುಂಜಾನೆ ಅದಕ್ಕೆ ನೀರು ತುಂಬುವವರು ಯಾರು? ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಚಹ ಕುಡಿದು, ವಿಚಾರಿಸಿ ಬರುವೆವೆಂದು ಹೇಳಿ ಹೊರಟುಹೋದರು. ಅವರಿಗೆ ಹೇಳಬೇಕಾಗಿದ್ದ ಮಾತನ್ನು ನಿಮ್ಮೆಲ್ಲರಿಗೂ ಹೇಳಬೇಕೆನಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ನೀರೆಂಬುದು ಎಂದೂ ಸುಲಭವಾಗಿ ದೊರೆತ ವಸ್ತುವಲ್ಲ. ಜೋಳ, ಕಡಲೆ, ಹತ್ತಿಗಳನ್ನು ಉದಾರವಾಗಿ ಕೊಡುವ ಎರೆಯ ಭೂಮಿ, ಬಾವಿ ತೋಡಿದವನಿಗೆ ಮಾತ್ರ ಹಲವೆಡೆ ಸವಳು ನೀರನ್ನೇ ಕೊಡುತ್ತದೆ: ಬೇಳೆ ಬೇಯದ, ಸಾಬೂನು ನೊರೆಯೇಳದ, ಕುಡಿದಷ್ಟೂ ನಾಲಿಗೆ ಒಣಗಿಸುವ ನೀರು. ಆದುದರಿಂದಲೇ ಊರಿನ ಸಿಹಿನೀರಿನ ಕೆರೆಯೆಂದರೆ ದನ ಇಳಿಯದಂತೆ, ಬಟ್ಟೆ ಒಗೆಯದಂತೆ, ಕಾಲಿನ ಕೆರವನ್ನು ದಂಡೆಯಲ್ಲಿ ಬಿಟ್ಟು ಇಳಿಯುವಂತೆ ಕಾಯ್ದುಕೊಂಡು ಬಂದ ದೇವಸ್ಥಾನವೇ ಸರಿ. ಹೆಣ್ಣು ಕೊಡುವ ಮುನ್ನ ವರನಿಗೆ ಹೊಲವೆಷ್ಟೆಂದು ಕೇಳಿದ ಹಿರಿಯರು, ಆ ಊರಿನ ನೀರು ಎಷ್ಟು ದೂರವೆಂದೂ ಕೇಳದೆ ಎಲೆ ಅಡಿಕೆ ಹಿಡಿಯುತ್ತಿರಲಿಲ್ಲ. ಇಂಥ ನೆಲದಲ್ಲಿ ದಾರಿಹೋಕನಿಗೆ ಒಂದು ತಂಬಿಗೆ ನೀರನ್ನು ಕೊಡುವದು ಔದಾರ್ಯದ ಮಾತಾಗಿರದೆ ಬದುಕಿನ ಋಣದ ಮಾತಾಗಿತ್ತು.

ನಾನು ಹುಡುಗನಾಗಿದ್ದಾಗ, ಗಜೇಂದ್ರಗಡದ ಸಂತೆಗೆ ಅಜ್ಜನ ಜೊತೆಗೆ ಚಕ್ಕಡಿಯಲ್ಲಿ ಹೋಗುವಾಗ, ದಾರಿಯ ನಡುವೆ ಒಂದು ಬೇವಿನ ಗಿಡದ ಕೆಳಗೆ ಯುಗಾದಿಯಿಂದ ಮೃಗಶಿರಾ ಮಳೆಯ ತನಕ ಒಂದು ಅರವಟ್ಟಿಗೆ ಇರುತ್ತಿತ್ತು. ಜೋಳದ ದಂಟು ಹೊದಿಸಿದ ಚಪ್ಪರ. ಅದರೊಳಗೆ ಹಸಿ ಮರಳಿನ ದಿಬ್ಬದಲ್ಲಿ ಅರ್ಧಕ್ಕರ್ಧ ಹೂತಿಟ್ಟ ಮೂರು ಮಣ್ಣಿನ ಹರವಿಗಳು. ಹರವಿಯ ಬಾಯಿಗೆ ತೊಯ್ಸಿದ ಅರಿವೆ. ಪಕ್ಕದಲ್ಲಿ ಕೂತ ಮುದುಕಿಯ ಕೈಯಲ್ಲಿ ಒಂದು ಹಿತ್ತಾಳೆಯ ಚರಿಗೆ. ನಡುಹರೆಯದಲ್ಲಿ ತೀರಿಹೋದ ಮಗನ ಹೆಸರಿನಲ್ಲಿ ಆಕೆ ಅದನ್ನು ನಡೆಯಿಸುತ್ತಿದ್ದಳೆಂಬುದನ್ನು ಅಜ್ಜನೇ ನನಗೆ ಹೇಳಿದ್ದು. ಆಕೆ ಮಾತ್ರ ಆ ಮಗನ ಹೆಸರನ್ನೆತ್ತಿದ್ದು ನನಗೆ ನೆನಪಿಲ್ಲ. ಬಂಡಿಯಿಂದಿಳಿದವರು ಓಡಿಬಂದು ಬೊಗಸೆಯೊಡ್ಡಿದರೆ ಆಕೆ ತಟ್ಟನೆ ನೀರು ಹಾಕುತ್ತಿರಲಿಲ್ಲ. "ಬಿಸಲಾಗಿಂದ ಬಂದೀರಿ, ಒಂದೀಟು ಕುಂದರ‍್ರಿ, ಉಸರು ನಿಂತ ಮ್ಯಾಲೆ ಕುಡೀರಿ" ಎನ್ನುವಳು. ಕೈಯಲ್ಲೊಂದು ಬೆಲ್ಲದ ಚೂರು ಇಡುವಳು. ಅದು ಬಾಯಲ್ಲಿ ಕರಗುವಷ್ಟು ಹೊತ್ತು ನೆರಳಿನಲ್ಲಿ ಕೂಡಿಸಿ, ಆಮೇಲೆ ಸಣ್ಣ ಧಾರೆಯಾಗಿ, ಬೊಗಸೆಯಿಂದ ಒಂದು ಹನಿಯೂ ಚೆಲ್ಲದಂತೆ ಹೊಯ್ಯುವಳು. ಇಂದಿಗೂ ನೀರಿನ ರುಚಿಯೆಂದರೆ ನನ್ನ ನಾಲಿಗೆಗೆ ಮೊದಲು ಬರುವದು ಆ ಬೆಲ್ಲ, ಅದರ ಹಿಂದೆ ಹಸಿಮಣ್ಣಿನ ವಾಸನೆ.

ಆದರೆ ಈ ನೆನಪಿನೊಳಗೊಂದು ಮುಳ್ಳಿದೆ. ಅದನ್ನು ಮುಚ್ಚಿಟ್ಟು ಬರೆಯುವದು ನನ್ನಿಂದಾಗದು. ಚಪ್ಪರದ ಒಂದು ಮಗ್ಗುಲಿಗೆ ಉದ್ದಕ್ಕೆ ಸೀಳಿದ ಬಿದಿರಿನ ದಬ್ಬೆಯೊಂದನ್ನು ಇಳಿಜಾರಾಗಿ ಕಟ್ಟಿದ್ದರು. ಕೆಲವರು ಚಪ್ಪರದೊಳಗೆ ಬರದೆ, ದಬ್ಬೆಯ ಆ ತುದಿಯಲ್ಲಿ ಬಿಸಿಲಿನಲ್ಲಿಯೇ ಬಾಗಿ ನಿಂತು, ಈ ತುದಿಯಿಂದ ಹೊಯ್ದ ನೀರನ್ನು ಕುಡಿದು ಹೋಗುತ್ತಿದ್ದರು. ಅವರನ್ನು ಯಾರೂ "ಕುಂದರ‍್ರಿ" ಎನ್ನುತ್ತಿರಲಿಲ್ಲ. ಅವರಿಗೆ ಬೆಲ್ಲವೂ ಇರಲಿಲ್ಲ. ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರತಕ್ಕದ್ದೆಂದು ನಮ್ಮದೇ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ತಂದ ಠರಾವು 1923ರಲ್ಲಿಯೇ ಅಂಗೀಕೃತವಾಗಿತ್ತು. ಆ ಠರಾವು ಕಾಗದದ ಮೇಲೆಯೇ ಉಳಿದುದನ್ನು ಕಂಡು ಬಾಬಾಸಾಹೇಬ ಅಂಬೇಡಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಹಸ್ರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರನ್ನು ಕುಡಿದಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಬಾವಿ, ಕೆರೆಗಳ ಮಾತನ್ನು ಹೆಸರಿಟ್ಟು ಹೇಳಿತ್ತು. ಇಷ್ಟಾದ ಮೇಲೆಯೂ ನಮ್ಮ ದಾರಿಯ ಅರವಟ್ಟಿಗೆಯಲ್ಲಿ ಆ ದಬ್ಬೆ ಇದ್ದಿತು. ನಾನು ಅದನ್ನು ನೋಡಿದೆ, ಬೆಲ್ಲ ತಿನ್ನುತ್ತ ನೋಡಿದೆ, ಅಜ್ಜನನ್ನು ಒಂದು ಮಾತೂ ಕೇಳಲಿಲ್ಲ. ಆ ತಾಯಿಯ ಪುಣ್ಯವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ನೀವು ಕಟ್ಟಿಸುವ ಕಟ್ಟೆಯಲ್ಲಿ ನಳದ ತಿರುಗಣಿ ಎಲ್ಲರ ಕೈಗೂ ಒಂದೇ ಎತ್ತರದಲ್ಲಿ ಎಟಕುತ್ತಿರಲಿ ಎಂದು ನಾನು ಅಂಗಲಾಚಿ ಕೇಳಿಕೊಳ್ಳುವದು ಈ ಕಾರಣದಿಂದ.

ನಳವಿರುವ ಇಂಥ ಸ್ಮಾರಕದ ಕಟ್ಟೆಯನ್ನು ನಾನು ಮೊದಲು ಕಂಡದ್ದು ಮುಂಬಯಿಯಲ್ಲಿ. ಆಗಿನ ನಮ್ಮ ಧಾರವಾಡ ಜಿಲ್ಲೆ 1956ರ ವರೆಗೆ ಆ ರಾಜ್ಯಕ್ಕೇ ಸೇರಿದ್ದುದರಿಂದ ದುಡಿಯಲು ಹೋಗುವವರ ದಾರಿ ಅತ್ತಲೇ ಇದ್ದಿತು. ಅಲ್ಲಿದ್ದ ಸೋದರಮಾವನೊಬ್ಬನನ್ನು ಕಾಣಲು ಹೋದಾಗ ಅವನು ಕೋಟೆಯ ಭಾಗದ ಒಂದು ಬೀದಿಯಲ್ಲಿ ನನ್ನನ್ನು ನಿಲ್ಲಿಸಿ, ರತನಸಿ ಮುಳಜಿ ಜೇಠಾ ಎಂಬ ವರ್ತಕರು 1894ರಲ್ಲಿ ಕಟ್ಟಿಸಿದ ಕಾರಂಜಿಯನ್ನು ತೋರಿಸಿದ. ಬೋರಿಬಂದರದ ಭವ್ಯ ರೈಲು ನಿಲ್ದಾಣವನ್ನು ಕಲ್ಪಿಸಿದ ಸ್ಟೀವನ್ಸ್ ಎಂಬ ಶಿಲ್ಪಜ್ಞರೇ ಇದನ್ನೂ ಕಲ್ಪಿಸಿದವರು. ಆ ವರ್ತಕರಿಗಿದ್ದ ಒಬ್ಬನೇ ಮಗ ಧರಮಸಿ 1889ರಲ್ಲಿ ತೀರಿಕೊಂಡಿದ್ದ. ಕಾರಂಜಿಯ ನೆತ್ತಿಯ ಮೇಲೆ ಪುಸ್ತಕ ಹಿಡಿದ ಒಬ್ಬ ಹುಡುಗನ ಪ್ರತಿಮೆಯಿದೆ. ಸುತ್ತಲೂ ಬಂಡಿ, ಮೋಟಾರು, ಹಮಾಲರ ಕೂಗಾಟ ನಡೆದಿದ್ದರೂ ಆ ಹುಡುಗ ತಲೆಯೆತ್ತದೆ ಓದಿಕೊಂಡಿರುವದನ್ನು ಕಂಡು, ನಮ್ಮ ದಾರಿಯ ಮುದುಕಿಯನ್ನು ನೆನೆದುಕೊಂಡೆ. ಕುಬೇರನಂಥ ವರ್ತಕನೂ ಚರಿಗೆಯೊಂದೇ ಆಸ್ತಿಯಾಗಿದ್ದ ಆ ಹೆಂಗಸೂ ಪುತ್ರಶೋಕದಲ್ಲಿ ಒಂದೇ ದಾರಿಯನ್ನು ಹಿಡಿದಿದ್ದರಲ್ಲ!

ಅಲ್ಲಿನವರು ಇಂಥವನ್ನು ಪ್ಯಾವ್ ಎನ್ನುತ್ತಾರೆ. 1876ರ ಕೇಶವಜಿ ನಾಯಕರ ಕಾರಂಜಿಯೂ ಸೇರಿ ಆ ಪಟ್ಟಣದಲ್ಲಿ ಇವು ಹಲವಾರು ಎದ್ದವು. ಲಂಡನ್ನಿನಲ್ಲಿ ಕಾಲರಾ ಹಬ್ಬಿ ಜನ ಸತ್ತ ಮೇಲೆ, ಕೆಟ್ಟ ನೀರೇ ಅದರ ಮೂಲವೆಂಬುದು ಮೆಲ್ಲಮೆಲ್ಲನೆ ಮನವರಿಕೆಯಾಗಿ, 1859ರಲ್ಲಿ ಅಲ್ಲೊಂದು ಸಂಘವೇ ಹುಟ್ಟಿ ಬೀದಿಬೀದಿಗೆ ಧರ್ಮದ ನೀರಿನ ನಳ ನಿಲ್ಲಿಸಿದ್ದುಂಟು. ಮುಂಬಯಿಯ ಕಲ್ಲಿನ ಕೆಲಸದಲ್ಲಿ ಅದರ ಛಾಯೆ ಇದೆಯೆಂದರೂ, ಒಳಗಿನ ಜೀವ ನಮ್ಮ ಅರವಟ್ಟಿಗೆಯದೇ. ಆದರೆ ಇಷ್ಟು ವೈಭವದಿಂದ ಕಟ್ಟಿದ ಆ ಪ್ಯಾವುಗಳಲ್ಲಿ ಬಹಳಷ್ಟು ಕಾಲಾಂತರದಲ್ಲಿ ಬತ್ತಿಹೋದವು. ಆ ಹುಡುಗನ ಕಾರಂಜಿಯೂ ದೀರ್ಘಕಾಲ ಒಣಗಿ ನಿಂತು ಈಚಿನ ವರುಷಗಳಲ್ಲಿ ಜೀರ್ಣೋದ್ಧಾರವನ್ನು ಕಂಡಿತು. ಕಲ್ಲು ಸವೆದು ಅವು ಬತ್ತಲಿಲ್ಲವೆಂಬುದನ್ನು ನೀವು ಗಮನಿಸಬೇಕು. ನಳ ಕೆಟ್ಟ ದಿನ ಅದನ್ನು ತಿದ್ದಿಸತಕ್ಕವನು ಯಾರೆಂಬುದು ಯಾವ ಫಲಕದ ಮೇಲೂ ಇರಲಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಬಹು ದೂರ ಯೋಚಿಸಿದ್ದರು. ಗತಿಸಿದವರ ಸಲುವಾಗಿ ಮಾಡುವ ಧರ್ಮಕಾರ್ಯಕ್ಕೆ ನಮ್ಮ ಶಾಸನಗಳಲ್ಲಿ 'ಪರೋಕ್ಷವಿನಯ'ವೆಂಬ ಮಾತಿದೆ. ಕಣ್ಣೆದುರಿಗಿಲ್ಲದವರಿಗೆ ತೋರುವ ವಿನಯ. ಇದಕ್ಕಿಂತ ಕೋಮಲವಾದ ಶಬ್ದವನ್ನು ನಾನು ಬೇರೆ ಕಾಣೆ. ಹುಂಚದ ಚಟ್ಟಲದೇವಿ ತೀರಿಹೋದ ತನ್ನವರ ನೆನಪಿಗಾಗಿ 1077ರಲ್ಲಿ ಪಂಚಬಸದಿಯನ್ನು ಕಟ್ಟಿಸಿದವಳು; ಅವಳ ಧರ್ಮಗಳ ಪಟ್ಟಿಯಲ್ಲಿ ಕೆರೆ, ಬಾವಿ, ಅರವಟ್ಟಿಗೆಗಳೂ ಬಸದಿಯ ಸಾಲಿನಲ್ಲಿಯೇ ನಿಲ್ಲುತ್ತವೆ. ಕಟ್ಟಿಸಿದಷ್ಟಕ್ಕೆ ದಾನ ಪೂರ್ಣವಾಗುವದೆಂದು ಆ ಕಾಲದವರು ಬಗೆದವರಲ್ಲ. ಗುಡಿಯೊಂದಕ್ಕೆ ಭೂಮಿ ಬಿಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು, ಅಂದರೆ ಒಡೆದದ್ದು ಬಿರಿದದ್ದು ತಿದ್ದುವದಕ್ಕೆಂದು, ಮೊದಲೇ ಪಾಲು ತೆಗೆದಿಡುವರು. ಕೆರೆಯ ಹೂಳೆತ್ತಿ ಏರಿ ಕಾಯುವದಕ್ಕೆ ಕೆರೆಗೊಡಗೆಯ ಹೊಲವಿರುವದು. ಕಟ್ಟಿಸಿದ ಅರಸನಿರಲಿ, ಅವನ ವಂಶವೇ ಅಳಿದುಹೋದ ಮೇಲೆಯೂ ಆ ಹೊಲದ ಬೆಳೆ ಉಣ್ಣುವವನು ಏರಿಯ ಮೇಲೆ ಗುದ್ದಲಿ ಹಿಡಿದು ನಿಲ್ಲುತ್ತಿದ್ದನು.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ನಿಮ್ಮ ಮಗ್ಗುಲಲ್ಲಿಯೇ ಸೂಡಿ ಇದೆ. ಇಂದು ಸಾಮಾನ್ಯ ಗ್ರಾಮದಂತೆ ತೋರುವ ಆ ಊರು ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಜಯಸಿಂಹನ ಅಕ್ಕರೆಯ ಸೋದರಿ ಅಕ್ಕಾದೇವಿಯ ರಾಜಧಾನಿ. 'ಗುಣದ ಬೆಡಂಗಿ'ಯೆಂದು ಶಾಸನಗಳು ಕೊಂಡಾಡುವ ಆಕೆ ಕಿಸುಕಾಡು ಎಪ್ಪತ್ತೆಂಬ ನಾಡನ್ನು ಆಳಿದವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಅದೇ ಜಯಸಿಂಹನ ಆಶ್ರಯದಲ್ಲಿ 1025ರ ಸುಮಾರಿಗೆ ಚಾವುಂಡರಾಯನೆಂಬ ಕವಿ 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿ, ನೆಲದೊಳಗಿನ ನೀರಿನ ಸೆಲೆಯನ್ನು ಮೇಲಿನ ಗುರುತುಗಳಿಂದ ಕಂಡುಹಿಡಿಯುವ ಬಗೆಯನ್ನು ಕನ್ನಡದಲ್ಲಿ ಹೇಳಿದ್ದಾನೆ. ಅಕ್ಕ ತಮ್ಮಂದಿರ ಆ ಕಾಲದಲ್ಲಿ ನೀರಿನ ವಿದ್ಯೆಯೂ ರಾಜವಿದ್ಯೆಯಾಗಿತ್ತೆಂದು ತಿಳಿಯಲು ಇಷ್ಟು ಸಾಕು. ಸೂಡಿಯ ದಂಡನಾಯಕ ನಾಗದೇವನ ಹೆಸರಿನೊಡನೆ ಸೇರಿರುವ ನಾಗಕುಂಡಕ್ಕೆ ಒಮ್ಮೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಗುಡಿಯ ಹೊರಗೋಡೆಯನ್ನು ಅಲಂಕರಿಸುವಂತೆ ನೀರಿನ ಕುಂಡದ ಗೋಡೆಗಳನ್ನು ಅರೆಗಂಬಗಳಿಂದಲೂ ಕಿರುಶಿಖರಗಳಿಂದಲೂ ಸಿಂಗರಿಸಿದ್ದಾರೆ. ಕೊಡ ಹೊತ್ತು ಮೆಟ್ಟಿಲಿಳಿಯುವ ಹೆಣ್ಣುಮಗಳು ಗರ್ಭಗುಡಿಗೆ ಹೋಗುವಳೋ ಎಂಬಂತೆ ಇಳಿಯಲೆಂಬುದೇ ಆ ಶಿಲ್ಪಿಯ ಆಶಯವಾಗಿದ್ದಿರಬೇಕು.

ಗಜೇಂದ್ರಗಡದವರಿಗೆ ಕಾಲಕಾಲೇಶ್ವರದ ಅಂತರಗಂಗೆಯ ವಿಷಯವನ್ನು ನಾನು ಹೇಳತಕ್ಕುದಿಲ್ಲ. ಗುಡ್ಡದ ಕಲ್ಲಿನ ಸಂದಿನಿಂದ, ಗಿಡದ ಬೇರಿನ ಎಡೆಯಿಂದ, ಬರಗಾಲದಲ್ಲಿಯೂ ನಿಲ್ಲದೆ ಹೊಂಡಕ್ಕೆ ಬೀಳುವ ಆ ನೀರು ಯಾವ ದಾನಿಯ ಹೆಸರನ್ನೂ ಹೊತ್ತಿಲ್ಲ. ಒಂದು ನಡುಹಗಲು ಅಲ್ಲಿ ಬಹಳ ಹೊತ್ತು ಕೂತಿದ್ದೆ. ನೇಕಾರ ಮುದುಕನೊಬ್ಬ ಬಂದು, ಬೇರಿನ ಬುಡಕ್ಕೆ ಸಿಕ್ಕಿಕೊಂಡ ಒಣ ಎಲೆಗಳನ್ನು ಬೆರಳಿನಿಂದ ತೆಗೆದುಹಾಕಿ, ಧಾರೆ ಮತ್ತೆ ನೆಟ್ಟಗಾದುದನ್ನು ನೋಡಿ, ಆಮೇಲೆ ಮುಖ ತೊಳೆದುಕೊಂಡ. ಇದನ್ನು ದಿನಾಲು ಮಾಡುವಿರೇನೆಂದು ಕೇಳಿದರೆ, "ಬಂದಾಗೊಮ್ಮೆ ತಗೀತೀನ್ರಿ, ಯಾರು ಬಂದ್ರೂ ತಗೀತಾರ" ಎಂದ.

ಇನ್ನು ನರಗುಂದ. ಆ ಊರಿನ ಹೆಸರೆತ್ತುವಾಗ ನನ್ನ ಲೇಖನಿ ತಡೆಯುತ್ತದೆ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾವೆಯವರ ಊರಾಗಿ ಅದು ಪ್ರಸಿದ್ಧವಾಗಿರುವದಷ್ಟೇ ಅಲ್ಲ. ನಮ್ಮ ಕಾಲದಲ್ಲಿ ಅದು ನೀರಿಗಾಗಿ ರಕ್ತ ಚೆಲ್ಲಿದ ಊರು. ಮಲಪ್ರಭೆಯ ನವಿಲುತೀರ್ಥದ ಕಟ್ಟೆಯಿಂದ ಹೊರಟ ಕಾಲುವೆಯ ನೀರು ಕೊನೆಯ ಹೊಲಗಳಿಗೆ ಮುಟ್ಟುವ ಮುನ್ನವೇ, ಭೂಮಿ ಸುಧಾರಿಸಿತೆಂದು ಕರದ ನೋಟೀಸು ಮುಟ್ಟಿದಾಗ ರೈತರು ಎದ್ದರು. 1980ರ ಜುಲೈ 21ರಂದು ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದ ಸೀಮೆಯಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಕರ್ತವ್ಯದ ಮೇಲಿದ್ದ ಪೊಲೀಸರೂ ಆ ದಿನ ಪ್ರಾಣತೆತ್ತರು. ಅವರ ಮನೆಗಳಲ್ಲಿಯೂ ದೀಪ ಆರಿತು. ನರಗುಂದದಲ್ಲಿ ನಿಂತಿರುವ ವೀರಗಲ್ಲಿನೆದುರು ಪ್ರತಿ ವರುಷ ಆ ದಿನ ರೈತರು ಕೂಡುತ್ತಾರೆ. 2015ರ ಜುಲೈಯಲ್ಲಿ ಮಹದಾಯಿ ನದಿಯ ನೀರಿಗಾಗಿ ಮತ್ತೆ ಧರಣಿ ಹೂಡಿದವರೂ ಇದೇ ನರಗುಂದದವರು. ತುರುಗಳಿಗಾಗಿ, ಊರಿಗಾಗಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನಲ್ಲಿ, ನೀರಿಗಾಗಿ ಮಡಿದ ರೈತನಿಗೆ ಇಪ್ಪತ್ತನೆಯ ಶತಮಾನದಲ್ಲಿ ವೀರಗಲ್ಲು ನಿಂತುದನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಆ ಕಲ್ಲಿಗೆ ಹೂಮಾಲೆ ಹಾಕಲು ಜುಲೈಯಲ್ಲಿ ದೂರದೂರದಿಂದ ಬರುವವರಿಗೆ, ಮಾಲೆ ಹಾಕಿದ ಕೈ ಚಾಚಿದರೆ ಬೊಗಸೆ ತುಂಬುವ ಒಂದು ಸಿಹಿನೀರಿನ ನಳ ಆ ಕಲ್ಲಿನ ಮಗ್ಗುಲಲ್ಲಿ ಹಗಲೂ ಇರುಳೂ ನಡೆಯುತ್ತಿರಬೇಕೆಂಬುದು ನನ್ನ ಬಹು ದಿನದ ಆಸೆ. ನರಗುಂದದ ಮನೆತನದವರೇ, ನಿಮ್ಮಲ್ಲಿ ಯಾರಾದರೂ ಅದರ ಭಾರ ಹೊರುವಿರಾದರೆ ನನ್ನ ನಿವೃತ್ತಿವೇತನದ ಒಂದು ತಿಂಗಳ ಹಣ ಮೊದಲು ಬಂದು ಸೇರುವದು.

ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆಯಲ್ಲ, ಇನ್ನು ನೀರಿನ ಕಟ್ಟೆ ಯಾಕೆ ಎಂದು ನೀವು ಕೇಳಬಹುದು. ಸವಳು ನೀರಿನ ನಾಡಿಗೆ ಆ ಘಟಕಗಳಿಂದ ಆದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಆದರೆ ನಾಣ್ಯ ಹಾಕಿದವನಿಗೆ ಅದು ಕ್ಯಾನು ತುಂಬ ಕೊಡುತ್ತದೆ. ಬಸ್ಸಿನಿಂದಿಳಿದ, ಕೈಯಲ್ಲಿ ಪಾತ್ರೆಯಿಲ್ಲದ, ಕಿಸೆಯಲ್ಲಿ ನಾಣ್ಯವಿಲ್ಲದ ಮುದುಕಿಗೆ ಒಂದು ಬೊಗಸೆಯನ್ನು ಕೊಡುವ ಏರ್ಪಾಡು ಅದರಲ್ಲಿಲ್ಲ. ನಮ್ಮ ಸಮೀಪದ ಒಂದು ಊರಿನಲ್ಲಿ ಇಂಥ ಘಟಕ ಕೆಟ್ಟು ನಿಂತು ಎರಡು ಬೇಸಿಗೆ ಕಳೆದವು. ಒಳಗಿನ ಜಾಳಿಗೆ ಕಟ್ಟಿಕೊಂಡಿತ್ತಂತೆ, ಅದನ್ನು ಬದಲಿಸುವ ಹೊಣೆ ಯಾರದೆಂಬುದು ಇತ್ಯರ್ಥವಾಗದೆ ಬಾಗಿಲಿಗೆ ಕೀಲಿ ಬಿತ್ತು. ಆ ಕೀಲಿಯ ಮೇಲುಗಡೆ ಉದ್ಘಾಟನೆಯ ಫಲಕ ಹೊಚ್ಚಹೊಸದರಂತೆ ಹೊಳೆಯುತ್ತಿತ್ತು.

ಆದುದರಿಂದ ನನ್ನ ವಿನಂತಿ ಇಷ್ಟು. ಕಟ್ಟಡಕ್ಕೆ ಒಂದು ಪಾಲು ತೆಗೆದಿಟ್ಟರೆ ಕಾಯುವದಕ್ಕೆ ಎರಡು ಪಾಲು ತೆಗೆದಿಡಿರಿ. ಆ ಎರಡು ಪಾಲನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಬಡ್ಡಿಯಿಂದ ತೊಟ್ಟಿ ತೊಳೆಯುವ, ನೀರು ತುಂಬುವ, ನಳ ಸೋರಿದರೆ ಅಂದೇ ತಿದ್ದಿಸುವ ಒಬ್ಬರಿಗೆ ತಿಂಗಳಾ ಸಂಬಳ ಸಲ್ಲುವಂತೆ ಪತ್ರ ಬರೆಯಿಸಿರಿ; ಹಿಂದಿನ ಕೆರೆಗೊಡಗೆಯ ಹೊಲ ಇಂದು ಈ ರೂಪದಲ್ಲಿ ಬರಬೇಕು. ಹಾಲುಗಲ್ಲು ಬೇಡ, ನಮ್ಮ ಗುಡ್ಡದ ಕಲ್ಲೇ ಸಾಕು. ನೆರಳಿಗೊಂದು ಬೇವು ಹಚ್ಚಿರಿ. ಚೆಲ್ಲಿದ ನೀರು ರಾಡಿಯಾಗದೆ ಅದರ ಬುಡಕ್ಕೆ ಹರಿದುಹೋಗಲಿ. ಶಾಲೆಯ ಕೂಸಿಗೆಟಕುವಂತೆ ಒಂದು ಗಿಡ್ಡ ನಳ, ಕೆಳಗೆ ದನ ಕುರಿಗಳಿಗೊಂದು ಕಲ್ಲಿನ ದೋಣಿ, ಮೇಲೆ ಹಕ್ಕಿಗಳಿಗೊಂದು ಬೋಗುಣಿ ಇರಲಿ. ಕುಂದರಲು ಕಟ್ಟೆಯನ್ನಂತೂ ಮರೆಯಲಾಗದು. ದಬ್ಬೆಯ ಆ ತುದಿಯಲ್ಲಿ ನಿಂತವರ ಮಕ್ಕಳು ಮೊಮ್ಮಕ್ಕಳು ಇಂದು ಬಂದು ಕುಂದರಬೇಕಾದ ಕಟ್ಟೆ ಅದು.

ಆ ಅಣ್ಣತಮ್ಮಂದಿರು ಮೊನ್ನೆ ಮತ್ತೆ ಬಂದಿದ್ದರು. ತಮ್ಮ ತಾಯಿಯ ಜೊತೆಗೆ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ, ಈಗ ಒಬ್ಬಳೇ ಇರುವ, ತಾವು ಚಿಗವ್ವನೆಂದೇ ಕರೆಯುವ ಒಬ್ಬ ಹೆಣ್ಣುಮಗಳು ನೀರಿನ ಕೆಲಸಕ್ಕೆ ಒಪ್ಪಿದ್ದಾಳೆಂದೂ, ಫಲಕದ ಖರ್ಚನ್ನು ಕಡಿಮೆ ಮಾಡಿ ಠೇವಣಿಯನ್ನು ಹೆಚ್ಚಿಸಿರುವದಾಗಿಯೂ ಹೇಳಿದರು. ನಾನು ಮೂರು ಸಾಲು ಬರೆದುಕೊಟ್ಟೆ: ಒಂದರಲ್ಲಿ ತಾಯಿಯ ಹೆಸರು, ಎರಡನೆಯದರಲ್ಲಿ ನೀರು ತುಂಬುವವಳ ಹೆಸರು, ಮೂರನೆಯದರಲ್ಲಿ ಬೆಳಗಿನ ಐದು ಗಂಟೆಗೆ ತುಂಬತಕ್ಕದ್ದೆಂಬ ಕರಾರು. ಸಂಜೆಗೆ ಕಲ್ಲು ಕೊರೆಯುವವನು ಆ ಚೀಟಿಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದ. ಬದುಕಿರುವವರ ಹೆಸರನ್ನು ಹೀಗೆ ಕಲ್ಲಿನ ಮೇಲೆ ಹಾಕಬಹುದೇನ್ರಿ ಗುರುಗಳೇ, ಮುಂದ ಬ್ಯಾರೆಯವರು ಬಂದರ ಏನು ಮಾಡೂದು ಎಂದು ಕೇಳಿದ. ಕೆಳಗೆ ಒಂದು ಗೇಣು ಜಾಗವನ್ನು ಬಿಟ್ಟು ಕೊರೆಯೆಂದು ಹೇಳಿ ಕಳಿಸಿದ್ದೇನೆ.

ಇಂತಿ ನಿಮ್ಮ ಹಿತಚಿಂತಕ,
ರೋಣ ತಾಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕ